ಒಂಬತ್ತು ಪೊಟ್ಟಣ, ಒಂದೇ ಮರ

ಮಾರ್ಚ್ 6, ಸೋಮವಾರ

ಬೆಳಿಗ್ಗೆ ಸಿಡ್ನಿಯ ಪ್ರಯೋಗಾಲಯದಿಂದ ಥುಯ್ ಫೋನ್ ಮಾಡಿದಳು. ಅಳಿವಿನಂಚಿನ ತೊರೆಗಂಟೆ ಮರವನ್ನು ಉಳಿಸುವ ನಮ್ಮ ಯೋಜನೆಯಿಂದ ಕಳಿಸಿದ ಎಲೆಗಳ ಡಿಎನ್‌ಎ ಪರೀಕ್ಷೆ ಮುಗಿದಿದೆ. "ಮೆರಿನ್, ಕೂತಿದ್ದೀರಾ?" ಎಂದೇ ಶುರು ಮಾಡಿದಳು. ನಾನು ನಿಂತಿದ್ದೆ, ಬಾಯಲ್ಲಿ ಟೋಸ್ಟ್ ಇತ್ತು.

"ತೊರೆಗಂಟೆದು ಇನ್ನೂರ ಹನ್ನೆರಡು ಗಿಡ ನೋಡ್ದೆ. ಎಲ್ಲಾ ಒಂದೇ ಮರ."

"ಒಂದೇ ಜಾತಿ ಅಂತಾನಾ?"

"ಜಾತಿ ಅಲ್ಲ, ಒಂದೇ ಮರ. ಒಂಬತ್ತು ತಾಯಿಮರದಿಂದ ಕಡ್ಡಿ ತಂದು ಬೆಳೆಸಿದ್ದು ಅಂತ ನಿಮ್ಮ ಪಟ್ಟೀಲಿದೆ. ನನಗೆ ಕಾಣ್ತಿರೋದು ಒಬ್ಳೇ ತಾಯಿ. ಇನ್ನೂರ ಹನ್ನೆರಡೂ ಅವಳ ನಕಲು."

ಮೂರು ವರ್ಷದಿಂದ ನಾವು ನೆಟ್ಟ ಮರಗಳು ಹೂ ಬಿಡುತ್ತವೆ, ಕಾಯಿ ಕಟ್ಟುವುದಿಲ್ಲ. ನರ್ಸರಿಯ ಕ್ಲೆಮ್ ಜೇನುಹುಳಗಳನ್ನು ಬೈದು, ಎರಡು ಪೆಟ್ಟಿಗೆ ಹೊಸ ಜೇನು ತಂದಿಟ್ಟು, ಅವನ್ನೂ ಬೈದಿದ್ದಾನೆ. ಜೇನಿನ ತಪ್ಪೇನೂ ಇಲ್ಲ. ತೊರೆಗಂಟೆ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ, ಬೇರೆ ಮರದ್ದೇ ಆಗಬೇಕು. ನಮ್ಮಲ್ಲಿ ಬೇರೆ ಮರವೇ ಇಲ್ಲ.

ಇದು ಹೇಗಾಗಿರಬಹುದೆಂದು ಥುಯ್ ಆಗಲೇ ಯೋಚಿಸಿಟ್ಟಿದ್ದಳು. ನರ್ಸರಿಗಳಲ್ಲಿ ಆಗುವುದುಂಟಂತೆ. ಕುಂಡದಲ್ಲಿ ಕಡ್ಡಿ ಸತ್ತರೆ, ಪಕ್ಕದಲ್ಲಿ ಚೆನ್ನಾಗಿ ಚಿಗುರಿದ ಗಿಡದಿಂದ ಒಂದು ಕಡ್ಡಿ ಕತ್ತರಿಸಿ ಅದೇ ಕುಂಡಕ್ಕೆ ಚುಚ್ಚುತ್ತಾರೆ. ಲೇಬಲ್ ಹಳೆಯದು, ಗಿಡ ಹೊಸದು. ವರ್ಷಗಟ್ಟಲೆ ಹೀಗೆ ತುಂಬುತ್ತ ಹೋದರೆ ಗಟ್ಟಿಮುಟ್ಟಾದ ಒಂದೇ ಗಿಡ ಎಲ್ಲ ಕುಂಡಗಳಲ್ಲೂ ಬಂದು ಕೂತಿರುತ್ತದೆ.

"ನರ್ಸರಿ ನೋಡ್ಕೊಳ್ಳೋದು ಯಾರು?"

"ಕ್ಲೆಮ್" ಎಂದೆ.

"ವಯಸ್ಸೆಷ್ಟು ಅವರಿಗೆ?"

"ಎಪ್ಪತ್ತೇಳು."

"ಓಹ್" ಎಂದಳು. ಆ ಓಹ್‌ನಲ್ಲೇ ವಿಚಾರಣೆ ಮುಗಿದು ತೀರ್ಪೂ ಬಂದಾಗಿತ್ತು. ಆಮೇಲೆ ನನ್ನ ಹಳೆಯ ಟಿಪ್ಪಣಿಗಳನ್ನು ಹೊಗಳಿದಳು. ಪ್ರತಿ ಮರದ ಜಾಗ, ಎತ್ತರ, ಸುತ್ತಳತೆ, ಎಷ್ಟು ಅಚ್ಚುಕಟ್ಟು! ನಿಮ್ಮ ಶ್ರಮವೆಲ್ಲ ಹೀಗಾಯಿತಲ್ಲ, ಪಾಪ ಎಂದಳು. ನಾನೂ ಪಾಪ ಎಂದೆ.

2011ರ ಅಕ್ಟೋಬರಿನಲ್ಲಿ ಆ ಒಂಬತ್ತು ಪೊಟ್ಟಣ ಕಡ್ಡಿ ತಂದವಳು ನಾನು. ಅವತ್ತು ವಿಪರೀತ ಮಳೆ ಇತ್ತು. ಇಷ್ಟು ಬರೆದಿಟ್ಟರೆ ಸಾಕು.

ಮಾರ್ಚ್ 9, ಗುರುವಾರ

ಥುಯ್ ತಾನೇ ಬಂದಳು. ಹಳೆಯ ಬೆಣ್ಣೆ ಕಾರ್ಖಾನೆಯ ಹಿಂದಿನ ನಮ್ಮ ನರ್ಸರಿಗೆ ಗುರುವಾರ ಸ್ವಯಂಸೇವಕರು ಬರುತ್ತಾರೆ. ಬರುತ್ತಾರೆ ಎಂದು ಬಹುವಚನ ಹಾಕುವುದಕ್ಕೆ ಈಗ ಉಳಿದಿರುವುದು ಇಬ್ಬರೇ, ಕ್ಲೆಮ್ ಮತ್ತು ವೆರ್ನಾ ಆಂಟಿ. ಈ ತೊರೆ, ಕಮರಿ, ಅಬ್ಬಿ ಎಲ್ಲವೂ ವೆರ್ನಾ ಆಂಟಿಯ ಮೂಲನಿವಾಸಿ ಹಿರಿಯರ ನೆಲ. ಅವರಿಗೆ ಗೊತ್ತಾಗದೆ ಇಲ್ಲಿ ಒಂದು ಎಲೆ ಕಿತ್ತವರಿಲ್ಲ. ಕ್ಲೆಮ್ ಹಾಲಿನ ದನ ಸಾಕಿಕೊಂಡಿದ್ದವನು. ದನ ಮಾರಿದ ವರ್ಷವೇ ಇಲ್ಲಿ ಬಂದು ಸೇರಿದ, ಅಂದಿನಿಂದ ಬೀಗದ ಕೈ ಅವನದೇ. ಬಿಯರ್ ಡಬ್ಬಿಗಳನ್ನು ಕತ್ತರಿಸಿ ತಗಡಿನ ಪಟ್ಟಿ ಮಾಡಿ, ಮೊಳೆಯಿಂದ ಅಕ್ಷರ ಕೊರೆದು, ತಂತಿಯಲ್ಲಿ ಗಿಡಕ್ಕೆ ಕಟ್ಟುತ್ತಾನೆ. ಪ್ಲಾಸ್ಟಿಕ್ ಲೇಬಲ್ ಎರಡು ಬೇಸಿಗೆಗೆ ಪುಡಿಯಾಗುತ್ತದೆ, ಬಿಯರ್ ಡಬ್ಬಿಗೆ ಸಾವಿಲ್ಲ ಎನ್ನುತ್ತಾನೆ. ಡಬ್ಬಿ ಖಾಲಿ ಮಾಡುವ ಕಷ್ಟವನ್ನೂ ಯಾರಿಗೂ ಕೊಡದೆ ತಾನೇ ಹೊರುತ್ತಾನೆ.

ಹತ್ತು ಗಂಟೆಯ ಚಹಾದ ಹೊತ್ತಿಗೆ ಥುಯ್ ಬಹಳ ಮೆತ್ತಗೆ ಕೇಳಿದಳು. "ಸತ್ತ ಕುಂಡಕ್ಕೆ ಬೇರೆ ಗಿಡದ ಕಡ್ಡಿ ಹಾಕಿದ್ದುಂಟಾ ಕ್ಲೆಮ್? ತಪ್ಪು ಅಂತ ಅಲ್ಲ. ಎಲ್ರೂ ಮಾಡ್ತಾರೆ."

ಕ್ಲೆಮ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಚರ್ಚಿನಲ್ಲೂ ಟೋಪಿ ತೆಗೆಯದ ಮನುಷ್ಯ. "ಇಲ್ಲ ಅಂತಾನೇ ನಂಗನ್ನಿಸೋದು" ಎಂದ. "ಆದ್ರೆ ಈಚೀಚೆಗೆ ನಂಗನ್ನಿಸೋದಕ್ಕೆ ಬೆಲೆ ಇಲ್ಲ. ಹೋದ ತಿಂಗಳು ಬೆಳಗಾಗೆದ್ದು ಹಾಲು ಕರೆಯಕ್ಕೆ ಕೊಟ್ಟಿಗೆಗೆ ಹೋಗಿದ್ದೆ. ದನ ಮಾರಿ ಹನ್ನೆರಡು ವರ್ಷ ಆಯ್ತು" ಎಂದ. ನಂತರ ನನ್ನ ಕಡೆ ತಿರುಗಿದ. "ನಿಂಗೆ ನೆನಪಿದ್ಯೇನೇ ಹುಡುಗಿ? ನಾನು ಹಂಗೆ ತುಂಬ್ತಿದ್ನಾ?"

"ನಾನು ದಿನಾ ಇರ್ತಿರ್ಲಿಲ್ವಲ್ಲ ಕ್ಲೆಮ್" ಎಂದೆ.

ಅದು ನಿಜವೇ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ.

"ಹಂಗಾದ್ರೆ ನಾನೇ ಇರ್ಬೇಕು" ಎಂದ ಮುದುಕ. ಥುಯ್ ಬರೆದುಕೊಂಡಳು. ವೆರ್ನಾ ಆಂಟಿ ನನ್ನನ್ನೇ ನೋಡುತ್ತ ಬಿಸ್ಕತ್ತು ಅದ್ದಿದರು. ಅದು ಮುರಿದು ಚಹಾದೊಳಗೆ ಬಿದ್ದರೂ ಅತ್ತ ನೋಡಲಿಲ್ಲ.

ಮಾರ್ಚ್ 10, ಶುಕ್ರವಾರ

ಈ ಪುಸ್ತಕವನ್ನು ನನ್ನ ಹೊರತು ಓದುವವರಿಲ್ಲ. ಬರೆದುಬಿಡುತ್ತೇನೆ.

ಕಡ್ಡಿ ತರಲು ಹೋದ ದಿನ ದಾರಿ ತೊರೆಯನ್ನು ದಾಟುವಲ್ಲಿ ಒಂದು ತೊರೆಗಂಟೆ ಮರ ಇತ್ತು, ಕಾರು ನಿಲ್ಲಿಸುವ ಜಾಗದಿಂದ ಇಪ್ಪತ್ತು ನಿಮಿಷದ ನಡಿಗೆ. ಮಿಕ್ಕ ಮರಗಳು ಅಬ್ಬಿಯ ಕೆಳಗೆ, ಎಡಗಡೆ ಚಾಚಿದ ಬಂಡೆಯ ಅಡಿಯಲ್ಲಿ. ಮೇಲಿನಿಂದ ದುರ್ಬೀನಿನಲ್ಲಿ ನೋಡಿದೆ. ಎಂಟು ಮರಗಳ ನೆತ್ತಿ, ಎಂಟೂ ಹೂ ಬಿಟ್ಟು ಕೆಂಪಾಗಿದ್ದವು. ಇಳಿಯಲು ಹಗ್ಗ ಬೇಕಿತ್ತು, ಇದ್ದ ಹಗ್ಗ ಹಳೆಯದು. ತಿರುಗಿ ಬಂದು ದಾರಿಯ ಮರದ ಒಂಬತ್ತು ಕೊಂಬೆಗಳಿಂದ ಕಡ್ಡಿ ಕತ್ತರಿಸಿ, ಒದ್ದೆ ಪತ್ರಿಕೆಯಲ್ಲಿ ಸುತ್ತಿ ಒಂಬತ್ತು ಪೊಟ್ಟಣ ಮಾಡಿದೆ. ತಾಯಿ 1, ತಾಯಿ 2, ಹೀಗೆ ಒಂಬತ್ತರವರೆಗೆ. ಜಾಗ ಬರೆಯಬೇಕಲ್ಲ? ಅಬ್ಬಿಯ ಕೆಳಗೆ ಎಂದರೆ ಹಗ್ಗ ಹಿಡಿದವರು ಯಾರು ಎಂದು ಕೇಳುತ್ತಾರೆ. ಅದಕ್ಕೆ ಎಂಟನ್ನೂ ಬೆಟ್ಟದ ದಿಣ್ಣೆಯ ಮೇಲೆ, ಕಾಲುದಾರಿಯ ಪಕ್ಕ ಇವೆ ಎಂದು ಬರೆದೆ. ಎತ್ತರ, ಸುತ್ತಳತೆ ಎಲ್ಲ ಕಾರಿನಲ್ಲಿ ಕೂತು ಹುಟ್ಟಿಸಿದ್ದು. ಥುಯ್ ಹೊಗಳಿದ ಅಚ್ಚುಕಟ್ಟು ಅದೇ.

ಹಗ್ಗ ನಿಜವಾಗಿಯೂ ಹಳೆಯದಿತ್ತು.

ಮಾರ್ಚ್ 16, ಗುರುವಾರ

ನರ್ಸರಿಯ ತುಂಬ ಹೊಸ ತಗಡಿನ ಚೀಟಿಗಳು. ನಲ್ಲಿಗೆ "ತಿರುಗಿಸಿ ಮುಚ್ಚು". ಬಾಗಿಲಿಗೆ "ಬೀಗ". ಚಹಾದ ಕೆಟಲಿಗೆ "ನೀರಿದೆಯಾ ನೋಡು". ಎಲ್ಲ ಕ್ಲೆಮ್‌ನ ಕೈಬರಹ, ಮೊಳೆಯ ಅಕ್ಷರ. ತನ್ನನ್ನೇ ತಾನು ಪರೀಕ್ಷೆ ಮಾಡಿಕೊಳ್ಳುತ್ತಿದ್ದಾನೆ. ಗಿಡಗಳ ಸಾಲಿನಲ್ಲಿ ನಡೆಯುತ್ತ ತುಟಿ ಅಲ್ಲಾಡಿಸಿ ಲೇಬಲ್ ಓದುತ್ತಾನೆ, ಕಣ್ಣು ಮುಚ್ಚಿ ಮತ್ತೆ ಹೇಳುತ್ತಾನೆ. ಅದು ನೋಡಿದರೆ ರೇಗುತ್ತದೆ. ಯಾಕೆ ರೇಗಬೇಕೋ ಗೊತ್ತಿಲ್ಲ.

ನನಗೂ ಕ್ಷಮೆ ಕೇಳಿದ. ಟೋಪಿ ತೆಗೆದೇ ಕೇಳಿದ. "ನಿನ್ನ ಕೆಲಸ ಎಲ್ಲಾ ಹಾಳು ಮಾಡ್ಬಿಟ್ನಲ್ಲೇ" ಎಂದ. ನಾನು "ಹೋಗ್ಲಿ ಬಿಡಿ ಕ್ಲೆಮ್" ಎಂದೆ. ಕ್ಷಮಿಸಿಯೂಬಿಟ್ಟೆ! ದೊಡ್ಡ ಮನಸ್ಸು ನನ್ನದು.

ವೆರ್ನಾ ಆಂಟಿ ಲ್ಯಾಮಿಂಗ್ಟನ್ ಕೇಕು ತಂದಿದ್ದರು. "ಏನಮ್ಮ, ಮೂರು ತಿನ್ನೋಳು ಇವತ್ತು ಒಂದಕ್ಕೇ ಒದ್ದಾಡ್ತಿದೀಯ. ಗಂಟಲಲ್ಲಿ ಇನ್ನೇನಾದ್ರೂ ಸಿಕ್ಕೊಂಡಿದ್ಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಶೀತ ಆಗಿದೆ ಎಂದೆ.

ಮಾರ್ಚ್ 23, ಗುರುವಾರ

ಗೊಬ್ಬರದ ಚೀಲಗಳ ಹಿಂದೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ತೆರೆದರೆ ಒಳಗೆಲ್ಲ ತಗಡಿನ ಚೀಟಿ. "ತಾಯಿ 4. ಸತ್ತದ್ದು 3-2-2013. ಬೇರು ಕೊಳೆತು." "ತಾಯಿ 7. ಸತ್ತದ್ದು 19-8-2014. ಹಿಮ." ನೂರ ಮೂವತ್ತೊಂದು ಚೀಟಿಗಳು. ಪ್ರತಿ ಗಿಡ ಸತ್ತಾಗಲೂ ಅದರ ಚೀಟಿ ಬಿಚ್ಚಿ, ಹಿಂಬದಿಯಲ್ಲಿ ದಿನಾಂಕ ಕೊರೆದು, ಇದರಲ್ಲಿ ಹಾಕಿದ್ದಾನೆ. ಸತ್ತ ಕುಂಡಕ್ಕೆ ಇನ್ನೊಂದನ್ನು ಚುಚ್ಚುವವನು ಚೀಟಿ ಬಿಚ್ಚುತ್ತಾನೆಯೇ? ಮುದುಕ ಒಂದೇ ಒಂದು ಕುಂಡವನ್ನೂ ತುಂಬಿಲ್ಲ. ಹನ್ನೆರಡು ವರ್ಷ ಒಂದೂ ತಪ್ಪಿಲ್ಲ. ತಾನೇ ಇಟ್ಟ ಡಬ್ಬಿ ಅವನಿಗೇ ಮರೆತಿದೆ.

ಮಳೆ ಬಂದರೆ ತುಕ್ಕು ಹಿಡಿದೀತು ಎಂದು ಡಬ್ಬಿಯನ್ನು ನನ್ನ ಕಾರಿನ ಡಿಕ್ಕಿಯಲ್ಲಿಟ್ಟೆ.

ಬಿಯರ್ ಡಬ್ಬಿಗೆ ತುಕ್ಕು ಹಿಡಿಯುವುದಿಲ್ಲ.

ಮಾರ್ಚ್ 24, ಶುಕ್ರವಾರ

ತಿರುವುಗಳಲ್ಲಿ ಡಿಕ್ಕಿಯಿಂದ ಸದ್ದು ಬರುತ್ತದೆ. ರೇಡಿಯೊ ಜೋರು ಮಾಡಿದೆ.

ಏಪ್ರಿಲ್ 4, ಮಂಗಳವಾರ

ಯೋಜನೆಗೆ ಹಣ ಕೊಡುವ ಸಮಿತಿಯ ಪತ್ರ ಬಂತು. ಕಾಡಿನಲ್ಲಿದ್ದ ತೊರೆಗಂಟೆ ಮರಗಳು 2019ರ ಬೆಂಕಿಯಲ್ಲಿ ಹೋದವು. ಉಳಿದದ್ದು ನರ್ಸರಿಯ ಗಿಡಗಳು, ಅವೂ ಒಂದೇ ಮರದ ನಕಲು. ಬೀಜವಿಲ್ಲದ ಮರಕ್ಕೆ ಮುಂದಿನ ತಲೆಮಾರಿಲ್ಲ. ಆದ್ದರಿಂದ ಈ ತಿಂಗಳ ಇಪ್ಪತ್ತೆಂಟಕ್ಕೆ ಯೋಜನೆ ಮುಕ್ತಾಯ. ಹಣ ಬೇರೆ ಮರಕ್ಕೆ, ಗಿಡಗಳು ರಸ್ತೆ ಬದಿಗೆ ಅಲಂಕಾರಕ್ಕೆ. "ನರ್ಸರಿಯ ಹಂತದಲ್ಲಿ ಆದ ದೋಷ" ಎಂಬ ಮಾತು ಎರಡು ಕಡೆ ಇದೆ. ಕ್ಲೆಮ್‌ನ ಹೆಸರಿಲ್ಲ. ಹಾಕುವ ಅಗತ್ಯವೂ ಇಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಬೆಂಕಿಯ ನಂತರ ಹೆಲಿಕಾಪ್ಟರಿನಲ್ಲಿ ನೋಡಿ ಬಂದವರು ಬೆಟ್ಟದ ದಿಣ್ಣೆಯನ್ನು ನೋಡಿದರು. ನಾನು ಬರೆದುಕೊಟ್ಟ ಜಾಗ ಅದೇ ತಾನೆ. ದಿಣ್ಣೆ ಪೂರ್ತಿ ಬೂದಿ. ಅಬ್ಬಿಯ ಕೆಳಗೆ ಬಂಡೆ ಸದಾ ಒದ್ದೆ, ಅಲ್ಲಿಗೆ ಬೆಂಕಿ ಇಳಿದಿತ್ತೋ ಇಲ್ಲವೋ ಯಾರೂ ನೋಡಿಲ್ಲ. ಅಲ್ಲಿ ಮರಗಳಿವೆ ಎಂದು ಈ ಭೂಮಿಯ ಮೇಲೆ ಗೊತ್ತಿರುವುದು ನನಗೊಬ್ಬಳಿಗೆ.

ದಿಣ್ಣೆ ಸುಟ್ಟ ಸುದ್ದಿ ಬಂದ ದಿನ ಎಲ್ಲರೂ ಅಳುತ್ತಿದ್ದರು. ನಾನೂ ಅತ್ತೆ. ಆದರೆ ಒಳಗೆ ಆದದ್ದು ನೆಮ್ಮದಿ. ನಡುವೆ ಒಮ್ಮೆ, 2015ರಲ್ಲಿ, ಹೋಗಿ ನೋಡಿ ಬಾ ಎಂದು ಕಚೇರಿಯವರು ಕಳಿಸಿದಾಗ ಹೋಗದೆಯೇ "ಒಂಬತ್ತೂ ಕ್ಷೇಮ" ಎಂದು ಬರೆದಿದ್ದೆ. ಸುಟ್ಟ ಮೇಲೆ ಇನ್ನು ಯಾರೂ ಕೇಳುವುದಿಲ್ಲ ಅನ್ನಿಸಿತು. ಇಷ್ಟು ಕೆಟ್ಟವಳು ನಾನು.

ಕಡ್ಡಿ ತಂದ ದಿನ ಅಕ್ಕನ ಮನೆಯಲ್ಲಿ ಬಾರ್ಬೆಕ್ಯೂ ಇತ್ತು. ಐದು ಗಂಟೆಗೆ ಬರುತ್ತೇನೆ ಎಂದಿದ್ದೆ. ಅದಕ್ಕೇ ಇಳಿಯಲಿಲ್ಲ. ಒಂದು ತುಂಡು ಸಾಸೇಜಿಗೆ.

ಏಪ್ರಿಲ್ 13, ಗುರುವಾರ

ಕ್ಲೆಮ್ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟ. ಅದಕ್ಕೊಂದು ತಗಡಿನ ಚೀಟಿ ಕಟ್ಟಿದ್ದ. "ತಪ್ಪು ನನ್ನದು. ಕ್ಲೆಮ್."

"ಮಾತಲ್ಲಿ ಹೇಳಿದ್ರೆ ನೀವೂ ಮರೀತೀರ, ನಾನೂ ಮರೀತೀನಿ" ಎಂದ. "ಇದು ಇರ್ಲಿ. ಮುಂದೆ ಯಾರಾದ್ರೂ ಕೇಳಿದ್ರೆ ತೋರ್ಸು. ವೆರ್ನಾ ಮೇಲೋ ನಿನ್ನ ಮೇಲೋ ಬರ್ಬಾರ್ದು."

"ಬಾರೋ, ಚಹಾ ಕುಡ್ಕೊಂಡು ಹೋಗು" ಎಂದು ವೆರ್ನಾ ಆಂಟಿ ಕರೆದರು. ಅವನು ಬರಲಿಲ್ಲ. ಪಿಕಪ್ ಹತ್ತಿ, ಸ್ಟಾರ್ಟ್ ಮಾಡಿ, ಎಷ್ಟೋ ಹೊತ್ತು ಹಾಗೇ ಕೂತಿದ್ದ. ಎತ್ತ ತಿರುಗಬೇಕು ಎಂದು ಯೋಚಿಸುತ್ತಿದ್ದನೋ, ಅಳುತ್ತಿದ್ದನೋ, ದೂರದಿಂದ ತಿಳಿಯಲಿಲ್ಲ. ನಾನು ಹೋಗಿ ನೋಡಲಿಲ್ಲ.

ಏಪ್ರಿಲ್ 14, ಶುಕ್ರವಾರ

ಬೀಗದ ಕೈ ಅಡುಗೆಮನೆಯ ಮೇಜಿನ ಮೇಲಿದೆ. ಇವತ್ತು ನಿಂತುಕೊಂಡೇ ತಿಂದೆ.

ಏಪ್ರಿಲ್ 16, ಭಾನುವಾರ

ಕ್ಲೆಮ್ ಮನೆಗೆ ಹೋಗಿ ಬಂದೆ. ಬಿಸ್ಕತ್ತಿನ ಡಬ್ಬಿಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಮಳೆ, ಹಗ್ಗ, ಅಕ್ಕನ ಬಾರ್ಬೆಕ್ಯೂ ಎಂದು ಮೂರನ್ನೂ ಜೋಡಿಸಿಕೊಂಡೇ ಹೋಗಿದ್ದೆ. ಅವರ ಎದುರು ಕೂತಾಗ ಬಂದದ್ದು ಬೇರೆ. ಅವತ್ತು ಬಂಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದೆ, ಕಾಲು ನಡುಗಿತು. ಭಯವಾಯಿತು. ಅಷ್ಟೇ. ಮಳೆ ಮಧ್ಯಾಹ್ನ ಎರಡು ಗಂಟೆಗೇ ನಿಂತಿತ್ತು.

ಕ್ಲೆಮ್ ಚೀಟಿಗಳನ್ನು ಒಂದೊಂದಾಗಿ ಓದಿದರು. ಮೇಜಿನ ಮೇಲೆ ಇಸವಿ ಪ್ರಕಾರ ಜೋಡಿಸಿದರು.

"ಹಂಗಾದ್ರೆ ನಾನು ತುಂಬಿಲ್ಲ."

"ಇಲ್ಲ ಕ್ಲೆಮ್. ಒಂದೂ ತುಂಬಿಲ್ಲ."

"ಆರು ವಾರ!" ಎಂದರು. ಧ್ವನಿ ಏರಿತ್ತು. "ಆರು ವಾರ ನಾನು ರಾತ್ರಿ ಹಗಲು ತಲೆ ಕೆರ್ಕೊಂಡಿದೀನಿ, ಯಾವತ್ತು ಮಾಡ್ದೆ, ಯಾಕೆ ಮಾಡ್ದೆ ಅಂತ. ನನ್ನ ತಲೇಲಿ ಇರೋದೇ ಇಷ್ಟು. ಅದನ್ನೂ ಇದಕ್ಕೆ ಖರ್ಚು ಮಾಡ್ಸಿದ್ಯಲ್ಲೇ! ಏಳು. ಹೋಗು ಮನೆಗೆ."

ಎದ್ದು ಬಂದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಅವರು ಟೋಪಿಯನ್ನು ಗೂಟದಿಂದ ತೆಗೆದು, ಮನೆಯೊಳಗೇ, ತಲೆಗೆ ಹಾಕಿಕೊಳ್ಳುತ್ತಿದ್ದರು.

ಏಪ್ರಿಲ್ 17, ಸೋಮವಾರ

ಥುಯ್‌ಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಬ್ಬಿ ಕೆಳಗೆ, ಎಡಗಡೆ, ಎಂಟು. ಖಂಡಿತಾನಾ?" ಖಂಡಿತ ಎಂದೆ. "ನೀವು ಖಂಡಿತ ಅಂದ್ರೆ ನಂಬೋದು ಹೇಗೆ ಹೇಳಿ" ಎಂದು ಫೋನ್ ಇಟ್ಟಳು. ಹಾಗಂದದ್ದು ಸರಿಯಾಗೇ ಇದೆ.

ಕಚೇರಿಗೂ ಬರೆದುಕೊಟ್ಟೆ. ನಾಳೆಯಿಂದ ಬರಬೇಡ ಎಂದರು.

ಏಪ್ರಿಲ್ 20, ಗುರುವಾರ

ಕೆಲಸವಿಲ್ಲದಿದ್ದರೂ ಕಾರು ತಾನಾಗಿ ನರ್ಸರಿಗೆ ಹೋಯಿತು. ಕ್ಲೆಮ್ ಬಂದಿದ್ದರು. ಉಗಿದು ಕಳಿಸುತ್ತಾರೆ ಎಂದುಕೊಂಡು ಹತ್ತಿರ ಹೋದೆ. ಅವರು ನಕ್ಕು, ಟೋಪಿ ತೆಗೆದು, "ಏ ಹುಡುಗಿ, ನಿನ್ನ ಹತ್ರ ಒಂದು ಮಾತು. ಆ ಲೇಬಲ್ಲು ಕೆಡ್ಸಿದ್ದು ನಾನೇ ಕಣೆ. ಮನಸಲ್ಲಿ ಇಟ್ಕೋಬೇಡ" ಎಂದರು.

ನಾನು ವೆರ್ನಾ ಆಂಟಿಯ ಕಡೆ ನೋಡಿದೆ. ಅವರು ನನ್ನನ್ನು ಜೇನುಪೆಟ್ಟಿಗೆಯ ಕಡೆಗೆ ಎಳೆದುಕೊಂಡು ಹೋದರು.

"ಭಾನುವಾರ ಸಾಯಂಕಾಲ ಫೋನ್ ಮಾಡಿ ನಿನ್ನ ಜನ್ಮ ಜಾಲಾಡಿದ. ಮಂಗಳವಾರ ಹೊತ್ತಿಗೆ ಎಲ್ಲಾ ತಲೆಯಿಂದ ಹೋಗಿತ್ತು. ತಾನು ತಪ್ಪು ಮಾಡಿದೀನಿ ಅನ್ನೋದು ಮಾತ್ರ ಹೋಗ್ಲಿಲ್ಲ. ಆರು ವಾರ ಅದನ್ನೇ ಮೆಲುಕು ಹಾಕಿದಾನಲ್ಲ, ಬೇರು ಬಿಟ್ಬಿಟ್ಟಿದೆ."

"ಈಗೇನು ಮಾಡ್ಲಿ ಆಂಟಿ?"

"ಮತ್ತೆ ಹೇಳು."

"ಎಷ್ಟು ಸಲ?"

"ಅವನು ಟೋಪಿ ತೆಗ್ದಷ್ಟು ಸಲ. ನೀನೇನು ಸುಳ್ಳು ಒಂದೇ ಸಲ ಹೇಳಿದ್ಯಾ?"

ಮತ್ತೆ ಹೇಳಿದೆ. ಮತ್ತೆ ಅದೇ ಸಿಟ್ಟು, ಹೊಚ್ಚ ಹೊಸದು. ಏಳು, ಹೋಗು ಮನೆಗೆ ಎಂದರು. ಹೋಗಿ ಕಾರಿನಲ್ಲಿ ಕೂತು, ಅರ್ಧ ಗಂಟೆ ಬಿಟ್ಟು ಬಂದು ಕಳೆ ಕಿತ್ತೆ.

ಮೇ 24, ಬುಧವಾರ

ಇಪ್ಪತ್ತೆಂಟನೇ ತಾರೀಕಿನ ಮುಕ್ತಾಯವನ್ನು ಥುಯ್ ಹೇಗೋ ಮೂರು ತಿಂಗಳು ಮುಂದೂಡಿಸಿದ್ದಳು. ಇವತ್ತು ಕಮರಿಗೆ ಇಳಿಸುವ ಹಗ್ಗದವರನ್ನು ಕರೆತಂದಳು. ಮರ ಕಂಡದ್ದು ಯಾವ ಬಂಡೆಯಡಿ ಎಂದು ತೋರಿಸಲು ನಾನೂ ಬೇಕಾಯಿತು. ದಾರಿಯಲ್ಲಿ ಅವಳು ನನ್ನೊಡನೆ ನಾಲ್ಕು ಮಾತೂ ಆಡಲಿಲ್ಲ.

ಅಬ್ಬಿಯ ನೆತ್ತಿಯಲ್ಲಿ ವೆರ್ನಾ ಆಂಟಿ ಎಲ್ಲರನ್ನೂ ನಿಲ್ಲಿಸಿದರು. ಹೊಸಬರು ಬಂದರೆ ನೆಲಕ್ಕೆ ಅವರ ಹೆಸರು ಹೇಳಬೇಕು, ಅದು ಆಂಟಿಯ ಜನರ ಕ್ರಮ. ತಮ್ಮ ಮಾತಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿ ಕಮರಿಗೆ ಹೇಳಿದರು. ನನ್ನ ಹೆಸರು ಬಂದಾಗ ಮಾತು ಉದ್ದವಾಯಿತು.

"ಏನಂದ್ರಿ ಆಂಟಿ?"

"ಇಲ್ಲಿಗೆ ಬಂದಿದ್ದೆ ಅಂತ ಸುಳ್ಳು ಹೇಳಿದ್ಲಲ್ಲ, ಅವಳೇ ಇವಳು, ಈಗ ನಿಜವಾಗ್ಲೂ ಬಂದಿದಾಳೆ, ಜಾರಿ ಬೀಳ್ಸಬೇಡ ಅಂದೆ."

ಇಳಿದೆ. ಕಾಲು ಅವತ್ತಿನಂತೆಯೇ ನಡುಗಿತು, ಒಂದಿಷ್ಟೂ ಕಡಿಮೆ ಇಲ್ಲ. ಕೆಳಗೆ ಮುಟ್ಟಿದಾಗ ಪ್ಯಾಂಟು ಒದ್ದೆ, ಅದು ಬರೀ ಅಬ್ಬಿಯ ನೀರೇ ಎಂದು ಆಣೆ ಮಾಡಲಾರೆ.

ಬೆಂಕಿ ಅಲ್ಲಿಗೆ ಇಳಿದೇ ಇರಲಿಲ್ಲ. ಹಾವಸೆ ಹಿಡಿದ ಬಂಡೆಯಡಿ ಐದು ತೊರೆಗಂಟೆ ಮರಗಳು ನಿಂತಿದ್ದವು. ಥುಯ್ ಮೊದಲನೆಯದರ ಎಲೆ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು.

ನಾನು ಎಂಟು ಎಣಿಸಿದ್ದೆ. ಆಚೆ ಕಡೆ ದೊಡ್ಡ ಕುಸಿತ. ಹೋದ ವರ್ಷ ಲಿಸ್ಮೋರ್ ಪೇಟೆಯೇ ಮುಳುಗಿತಲ್ಲ, ಆ ಮಳೆಗೆ ಬಂಡೆ ಜರಿದು ಮೂರು ಮರಗಳನ್ನು ಹೊತ್ತುಕೊಂಡು ಹೋಗಿದೆ. ಒಂದರ ಬುಡ ಮಣ್ಣಿನಿಂದ ಮೇಲೆ ಕಾಣುತ್ತಿತ್ತು. ಮುಟ್ಟಿದರೆ ಪುಡಿಯಾಯಿತು. ಆ ಮೂರರ ಕಡ್ಡಿ ನನ್ನ ಪೊಟ್ಟಣಗಳಲ್ಲಿ ಇರಬೇಕಿತ್ತು. ಹನ್ನೆರಡು ವರ್ಷದಿಂದ ಕ್ಲೆಮ್ ನೀರು ಹಾಕಿ ಬೆಳೆಸಿದ ಗಿಡಗಳಲ್ಲಿ ಆ ಮೂರೂ ಇರಬೇಕಿತ್ತು. ಇದನ್ನು ಯಾರಿಗೆ ಹೇಳಿದರೂ, ಎಷ್ಟು ಸಲ ಹೇಳಿದರೂ, ಅವು ಬರುವುದಿಲ್ಲ.

ಜೂನ್ 19, ಸೋಮವಾರ

ಐದೂ ಬೇರೆ ಬೇರೆ. ದಾರಿಯ ಮರಕ್ಕಿಂತಲೂ ಬೇರೆ. ಥುಯ್ ಸಂದೇಶ ಕಳಿಸಿದ್ದು ಅಷ್ಟೇ, ನನ್ನ ಹೆಸರು ಹಾಕದೆ. ಆದರೂ ಕಳಿಸಿದಳು. ಯೋಜನೆ ಉಳಿಯಿತು.

ಅಕ್ಟೋಬರ್ 12, ಗುರುವಾರ

ನರ್ಸರಿಯ ಮರಗಳು ಹೂ ಬಿಟ್ಟಿವೆ. ಹಗ್ಗದವರು ಕೆಳಗಿನ ಮರಗಳ ಪರಾಗ ತಂದಿದ್ದಾರೆ. ಯಾವ ಮರಕ್ಕೆ ಯಾವುದು ಎಷ್ಟು ಹತ್ತಿರದ ನಂಟು ಎಂಬ ಪಟ್ಟಿಯನ್ನು ಥುಯ್ ಗೋಡೆಗೆ ಅಂಟಿಸಿದಳು. ದೂರದ ನಂಟಿನವನ್ನೇ ಕೂಡಿಸಬೇಕು ಎಂದು ಕ್ಲೆಮ್‌ಗೆ ಕಾಲು ಗಂಟೆ ವಿವರಿಸಿದಳು.

ಕ್ಲೆಮ್ ಪೂರ್ತಿ ಕೇಳಿ, "ಗೂಳೀನ ಅದರ ಮಗಳ ಮೇಲೇ ಬಿಡ್ಬಾರ್ದು. ಅಷ್ಟೇ ತಾನೆ? ಇಷ್ಟು ಹೇಳೋಕೆ ಡ್ಯಾಕ್ಟ್ರು ಓದ್ಬೇಕಿತ್ತಾ ಮಗಳೇ?" ಎಂದರು.

ಥುಯ್ ನಕ್ಕಳು. ನಗುವ ಭರದಲ್ಲಿ ನನ್ನ ಕಡೆಯೂ ನೋಡಿದಳು.

ಹೂವಿನ ಒಳಗೆ ಕುಂಚ ಆಡಿಸಿ ಪರಾಗ ಹಚ್ಚುವ ಕೆಲಸ ಕ್ಲೆಮ್‌ಗೇ ಕೊಟ್ಟೆವು. ಕೈ ನಡುಗುವುದಿಲ್ಲ ಅವರಿಗೆ. ಒಂದೊಂದು ಹೂವಿಗೂ ಚೀಟಿ ಕೊರೆದು ಕಟ್ಟಿದರು. ನಾನು ಏಣಿ ಹಿಡಿದುಕೊಂಡಿದ್ದೆ. ನಡುವೆ ಒಮ್ಮೆ ಏಣಿಯ ಮೇಲೆಯೇ ಟೋಪಿ ತೆಗೆದರು. ನಾನು ಕೆಳಗಿನಿಂದಲೇ ಮತ್ತೆ ಎಲ್ಲ ಹೇಳಿದೆ. ಇವತ್ತು ಸಿಟ್ಟು ಬರಲಿಲ್ಲ, ಅವತ್ತು ಕಾಡಿನಲ್ಲಿ ಜಿಗಣೆ ಕಚ್ಚಿತ್ತಾ ಎಂದು ಕೇಳಿದರು. ಕಚ್ಚಿತ್ತು ಎಂದೆ. "ಒಳ್ಳೇದಾಯ್ತು" ಎಂದರು.

ಹೇಳಿದ್ದು ಕೇಳಿ ಕೆಲವು ಸಲ ನಗುತ್ತಾರೆ. ಒಮ್ಮೆ ಅತ್ತರು. ಒಮ್ಮೆ ಎದ್ದು ಹೋಗಿ ಕೆಟಲ್ ಇಟ್ಟರು. ಯಾವ ಗುರುವಾರ ಯಾವ ಕ್ಲೆಮ್ ಸಿಗುತ್ತಾರೋ ಗೊತ್ತಿಲ್ಲದೆ ಹೋಗುತ್ತೇನೆ. ಈಗ ನನಗೆ ತೋಟದ ಅಂಗಡಿಯಲ್ಲಿ ಕೆಲಸ. ಗುರುವಾರ ಬರುವುದಿಲ್ಲ ಎಂದು ಸೇರುವಾಗಲೇ ಹೇಳಿದ್ದೇನೆ.

ಡಿಸೆಂಬರ್ 14, ಗುರುವಾರ

ಕಾಯಿ ಕಟ್ಟಿದೆ. ಹನ್ನೊಂದು. ಹೆಬ್ಬೆರಳಿನ ಉಗುರಿನಷ್ಟು, ಹಸಿರು, ಇನ್ನೂ ಮೆತ್ತಗೆ. ವೆರ್ನಾ ಆಂಟಿ ಒಂದೊಂದನ್ನೂ ಬೆರಳಿನಿಂದ ತಟ್ಟಿ ಮಾತಾಡಿಸಿದರು. ಥುಯ್ ಫೋನಿನಲ್ಲಿ ಕಿರುಚಿದ್ದು ಸ್ಪೀಕರ್ ಹಾಕದೆಯೇ ಎಲ್ಲರಿಗೂ ಕೇಳಿಸಿತು.

ಕ್ಲೆಮ್ ಚೀಟಿ ಹಿಡಿದು ಓದಿದರು. "ದಾರಿ ಮರ, ಅಬ್ಬಿ ನಾಲ್ಕು. ನನ್ನ ಕೈಬರಹ ಇದು."

"ನಿಮ್ದೇ. ನೀವೇ ಕೂಡ್ಸಿದ್ದು."

"ಹೌದಾ? ಭೇಷ್" ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡರು. ಕಾಯಿಯನ್ನು ಮತ್ತೆ ನೋಡಿದರು. ಮುಖ ಸಣ್ಣಗಾಯಿತು. ಕೈ ಟೋಪಿಗೆ ಹೋಯಿತು. "ಹುಡುಗಿ, ಖುಷಿ ದಿನ, ಇವತ್ತು ಹೇಳ್ಬಾರ್ದು. ಆದ್ರೂ ಹೇಳ್ಬಿಡ್ತೀನಿ. ಹಿಂದೆ ಆ ಲೇಬಲ್ಲೆಲ್ಲ ಕೆಟ್ಟಿದ್ವಲ್ಲ, ಅದು ನಾನು ಮಾಡಿದ್ದು."

ವೆರ್ನಾ ಆಂಟಿ ಚಹಾದ ಲೋಟ ಹಿಡಿದುಕೊಂಡು ಆಚೆ ಸರಿದರು. ನಾನು ಎರಡು ಕುರ್ಚಿ ಎಳೆದು, ಬಿಸ್ಕತ್ತಿನ ಡಬ್ಬಿ ತಂದು ಅವರ ತೊಡೆಯ ಮೇಲಿಟ್ಟೆ.

"ನೀವಲ್ಲ ಕ್ಲೆಮ್. ನಾನು. ಎರಡು ಸಾವಿರದ ಹನ್ನೊಂದನೇ ಇಸವಿ, ಅಕ್ಟೋಬರ್ ತಿಂಗಳು..."

ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮೂರು ಮರ ಹೋದದ್ದನ್ನೂ ಹೇಳಿದೆ. ಅವರು ಚೀಟಿಗಳನ್ನು ತಿರುವಿ ಹಾಕುತ್ತ ಕೇಳಿದರು. ನಾನು ಸಿಟ್ಟಿಗೆ ಸಿದ್ಧಳಾಗಿದ್ದೆ, ನಗುವಿಗೂ ಸಿದ್ಧಳಾಗಿದ್ದೆ.

"ಅಷ್ಟು ಭಯ ಆಯ್ತಾ?"

"ಆಯ್ತು."

"ಅಯ್ಯೋ ಪೆದ್ದಿ. ನನ್ನ ಮನೆ ಅಲ್ಲೇ ದಾರೀಲೇ ಇತ್ತಲ್ಲೇ. ಕೊಟ್ಟಿಗೇಲಿ ಹೊಸ ಹಗ್ಗ ಇತ್ತು, ದನ ಮಾರಿ ಸುಮ್ನೆ ಕೂತಿದ್ದೆ. ಬಂದು ಒಂದು ಮಾತು ಹೇಳಿದ್ರೆ ನಾನೇ ಮೇಲೆ ನಿಂತು ಹಿಡ್ಕೊತಿದ್ನಲ್ಲ."

ಇಪ್ಪತ್ತಾರು ಸಲ ಹೇಳಿದ್ದೇನೆ, ಈ ಮಾತನ್ನು ಅವರು ಹಿಂದೆಂದೂ ಆಡಿರಲಿಲ್ಲ. ಅವರು ಡಬ್ಬಿ ಮುಚ್ಚಿ ನನ್ನ ಕೈಗೆ ಕೊಟ್ಟು, ಟೋಪಿ ಹಾಕಿಕೊಂಡು, ನಲ್ಲಿ ಮುಚ್ಚಿದೆಯೋ ಇಲ್ಲವೋ ನೋಡಲು ಎದ್ದು ಹೋದರು.